ನಕ್ಷೆಯಲ್ಲಿದ್ದ ಬಾಗಿಲು

ದಮಯಂತಿ ಮೌಸನ್ನು ಮೇಜಿಗೆ ಕುಕ್ಕಿದ ಸದ್ದಿಗೆ ಆಚೆ ಕೋಣೆಯಲ್ಲಿ ಬೋರ್ಡಿನ ಅಕ್ಷರ ಕತ್ತರಿಸುತ್ತಿದ್ದವರು ಕೆಲಸ ನಿಲ್ಲಿಸಿ ಇಣುಕಿ ನೋಡಿದರು. ಅವಳು ಯಾರ ಕಡೆಗೂ ತಿರುಗಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಮರಳುಗಡಿಯಾರ ನಿಂತುಬಿಟ್ಟಿತ್ತು. ಅವಳು ಮಾಡಿದ್ದು ಇಷ್ಟೇ, ಒಂದು ಗೋಡೆಯ ಗೆರೆಯನ್ನು ಹಿಡಿದು ಸ್ವಲ್ಪ ಬಲಕ್ಕೆ ಸರಿಸಲು ನೋಡಿದ್ದು. ಎದ್ದುಹೋಗಿ ನೀರು ಕುಡಿದು, ಬಾಟಲಿ ತುಂಬಿಸಿಕೊಂಡು ಬಂದು ಕೂತರೂ ಗೆರೆ ಇದ್ದಲ್ಲೇ ಇತ್ತು. ಕೊನೆಗೆ ಪರದೆ ಪೂರ್ತಿ ಬೆಳ್ಳಗಾಯಿತು. ಮೇಲೆ ಮೂಲೆಯಲ್ಲಿ 'ನಾಟ್ ರೆಸ್ಪಾಂಡಿಂಗ್' ಎಂದು ಬಂತು. ಬೆಳಗಿನಿಂದ ಮಾಡಿದ ಕೆಲಸವೆಲ್ಲ ಅದರ ಜೊತೆಗೇ ಹೋಯಿತು.

ಮಸ್ಕತ್ತಿನ ರೂವಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದು ಮನಿ ಎಕ್ಸ್‌ಚೇಂಜಿನ ಮೇಲಿನ ಮಹಡಿಯಲ್ಲಿ ಆ ಸೈನ್‌ಬೋರ್ಡ್ ಕಂಪನಿ ಇತ್ತು. ಅಂಗಡಿಗಳ ನಾಮಫಲಕ, ಆಸ್ಪತ್ರೆಗಳ ಬಾಣದ ಗುರುತು, ಪಾರ್ಕಿಂಗ್ ಬೋರ್ಡು, ಹೀಗೆ ಊರಿನ ಅರ್ಧದಷ್ಟು ಬೋರ್ಡುಗಳು ಅಲ್ಲಿಂದಲೇ ಹೋಗುತ್ತಿದ್ದವು. ದಮಯಂತಿ ಕಿನ್ನಿಗೋಳಿಯ ಹೆಣ್ಣುಮಗಳು. ಮಂಗಳೂರಿನ ಒಂದು ಜಾಹೀರಾತು ಕಚೇರಿಯಲ್ಲಿ ಡಿಸೈನ್ ಮಾಡುತ್ತಿದ್ದವಳು ಮದುವೆಯಾಗಿ ಗಂಡ ಲತೇಶನ ಹಿಂದೆ ಮಸ್ಕತ್ತಿಗೆ ಬಂದಿದ್ದಳು. ಅವನು ವಾಹನಗಳ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್. ಇವಳು ಬಂದ ವರ್ಷವೇ ಈ ಕೆಲಸ ಹಿಡಿದಿದ್ದಳು. ಕೈ ಚುರುಕು, ಬಾಯಿಯೂ ಚುರುಕು ಎಂದು ಆಫೀಸಿನಲ್ಲಿ ಹೆಸರಾಗಿತ್ತು.

ಅದು ೨೦೦೯ರ ಬೇಸಿಗೆ. ಮಸ್ಕತ್ತಿನಿಂದ ಬಹಳ ದೂರದ ದುಕ್ಮ್‌ನಲ್ಲಿ ಹೊಸ ಬಂದರಿನ ಕೆಲಸ ನಡೆಯುತ್ತಿತ್ತು. ಅಲ್ಲಿ ಒಂದು ದೊಡ್ಡ ಕಂಟ್ರಾಕ್ಟ್ ಕಂಪನಿ ತನ್ನ ಕಾರ್ಮಿಕರಿಗಾಗಿ ಕಟ್ಟಿದ ಕ್ಯಾಂಪಿಗೆ ಫಲಕಗಳು ಬೇಕಾಗಿದ್ದವು. ಬೆಂಕಿ ಬಿದ್ದರೆ ಯಾವ ಕಡೆಗೆ ಓಡಬೇಕೆಂದು ತೋರಿಸುವ ಫಲಕಗಳು. ಪ್ರತಿ ಬ್ಲಾಕಿನ ನಕ್ಷೆ, 'ನೀವು ಇಲ್ಲಿದ್ದೀರಿ' ಎಂಬ ಕೆಂಪು ಚುಕ್ಕೆ, ಅಲ್ಲಿಂದ ಹೊರಬಾಗಿಲಿಗೆ ಹಸಿರು ಬಾಣ. ಅರೇಬಿಕ್, ಇಂಗ್ಲಿಷ್, ಹಿಂದಿ ಮೂರರಲ್ಲೂ ಬರಹ. ಕೇಳುವುದಕ್ಕೆ ಸುಲಭದ ಕೆಲಸ. ಕಟ್ಟಡದ ನಕ್ಷೆ ಮಾಡಿದ ಕನ್ಸಲ್ಟೆಂಟ್ ಕಚೇರಿಯಿಂದ ಸಿಡಿಯೊಂದು ಬಂದಿತ್ತು. ಅದರಲ್ಲಿರುವ ನಕ್ಷೆಯನ್ನು ತನ್ನ ಡಿಸೈನ್ ಸಾಫ್ಟ್‌ವೇರಿಗೆ ಇಂಪೋರ್ಟ್ ಮಾಡಿ, ಬೇಡದ್ದನ್ನು ಅಳಿಸಿ, ಬಾಣ ಹಾಕಿದರೆ ಮುಗಿಯಿತು ಎಂದು ಅವಳೂ ಅಂದುಕೊಂಡಿದ್ದಳು.

ಆದರೆ ಆ ನಕ್ಷೆ ನಕ್ಷೆಯಾಗಿರಲಿಲ್ಲ. ಗೋಡೆಯೆಂದರೆ ಎರಡು ಗೆರೆ ಇರಬೇಕಲ್ಲ, ಇಲ್ಲಿ ಒಂದೊಂದು ಗೋಡೆಯೂ ಲೆಕ್ಕವಿಲ್ಲದಷ್ಟು ಚೂರುಗಳಾಗಿ ಬಂದಿತ್ತು. ಗೋಡೆಯೊಳಗೆ ತುಂಬಿಸಿದ ಓರೆಗೆರೆಗಳು ಒಂದೊಂದೂ ಬೇರೆ ಬೇರೆ. ನೆಲದ ಟೈಲ್ಸಿನ ಪ್ರತಿ ಅಂಚು, ಮಂಚದ ಮೇಲಿನ ದಿಂಬಿನ ಪ್ರತಿ ಮಡಿಕೆ, ಕಕ್ಕಸಿನ ನಲ್ಲಿಯ ಸ್ಕ್ರೂ ಸಹ ಬಿಟ್ಟಿರಲಿಲ್ಲ. ಅಕ್ಷರಗಳೂ ಅಕ್ಷರಗಳಾಗಿ ಉಳಿದಿರಲಿಲ್ಲ, ಬಾಗಿದ ಕಡ್ಡಿಗಳಾಗಿದ್ದವು. ಒಂದನ್ನು ಮುಟ್ಟಿದರೆ ಉಳಿದ ಲಕ್ಷಾಂತರ ಚೂರುಗಳನ್ನೆಲ್ಲ ಕಂಪ್ಯೂಟರ್ ಮೊದಲಿನಿಂದ ಬಿಡಿಸತೊಡಗುತ್ತಿತ್ತು. ಮೇಲಿನ ಎಡಮೂಲೆಯಿಂದ ಒಂದೊಂದೇ ಗೆರೆ ಮೂಡಿ ಕೆಳಗಿನ ಬಲಮೂಲೆ ಮುಟ್ಟುವವರೆಗೆ ಅವಳು ಕೈಕಟ್ಟಿ ಕೂರಬೇಕು. ಅಷ್ಟರಲ್ಲಿ ಯಾವ ಗೆರೆಯನ್ನು ಅಳಿಸಲು ಹೊರಟಿದ್ದೆ ಎನ್ನುವುದೇ ಮರೆತುಹೋಗುತ್ತಿತ್ತು.

ವಾರ ಕಳೆಯಿತು. ಒಂದು ಬ್ಲಾಕಿನ ನಕ್ಷೆಯೂ ಮುಗಿಯಲಿಲ್ಲ.

ಮ್ಯಾನೇಜರ್ ರಾಬರ್ಟ್ ಬಜಪೆಯ ಕಡೆಯವರು, ಒಮಾನಿಗೆ ಬಂದು ತಲೆ ನರೆತವರು. ಒಳ್ಳೆಯ ಮೂಡಿನಲ್ಲಿದ್ದರೆ ತುಳು, ಸಿಟ್ಟು ಬಂದರೆ ಕನ್ನಡ, ಕಂಪನಿಯ ಒಡೆಯ ಅರಬಾಬ್ ಎದುರಿಗಿದ್ದರೆ ಅರೇಬಿಕ್ ಮಾತಾಡುತ್ತಿದ್ದರು. ಆ ದಿನ ಕನ್ನಡದಲ್ಲೇ ಶುರುಮಾಡಿದರು, ಅದೂ ಎಲ್ಲರ ಎದುರಿಗೆ.

"ಎಂತ ಮಾರಾಯ್ತಿ, ಒಂದು ವಾರ ಆಯ್ತು. ನಾನು ಕ್ಲೈಂಟಿಗೆ ಎಂತ ಹೇಳುದು?"

"ಸರ್, ಫೈಲ್ ನೋಡಿ ಒಮ್ಮೆ. ಒಂದು ಕ್ಲಿಕ್ ಮಾಡಿದ್ರೆ ಚಾ ಕುಡ್ದು ಬರ್ಬೌದು. ಅಷ್ಟು ಭಾರ ಉಂಟು."

"ಭಾರ ಎಂತ ಭಾರ? ಸಿಡಿ ಅಲ್ವಾ ಅದು, ಅಕ್ಕಿ ಮೂಟೆಯಾ?" ಆಚೆ ಕೋಣೆಯಲ್ಲಿ ಯಾರೋ ನಕ್ಕರು. "ಕಂಪ್ಯೂಟರ್ ಸ್ಲೋವಾ, ನೀನು ಸ್ಲೋವಾ?"

ದಮಯಂತಿಯ ಕಿವಿ ಬಿಸಿಯಾಯಿತು. "ನಾನು ಸ್ಲೋ ಆಗಿದ್ರೆ ಈ ಆರು ವರ್ಷ ನಿಮ್ಮ ಬೋರ್ಡೆಲ್ಲ ಯಾರು ಮಾಡಿದ್ದು ಸರ್? ಅವ್ರ ಹತ್ರ ಕ್ಲೀನ್ ಡ್ರಾಯಿಂಗ್ ಕೇಳಿ. ಗೋಡೆ, ಬಾಗಿಲು ಮಾತ್ರ ಇರುವಂಥದ್ದು. ಅವ್ರ ಹತ್ರ ಇದ್ದೇ ಇರ್ತದೆ."

"ಕನ್ಸಲ್ಟೆಂಟ್ ಹತ್ರ ನಾವು ಕೇಳುದಾ? ಅವರಿಂದ ನಮಗೆ ಕೆಲಸ ಬರುದು. ಅವ್ರು ಕೊಟ್ಟದ್ದನ್ನು ಮಾಡುದು ಅಷ್ಟೇ. ಯಲ್ಲಾ, ನಾಳೆಗೆ ಒಂದಾದ್ರೂ ತೋರ್ಸು."

ಅವರು ಹೋದ ಮೇಲೆ ಅವಳಿಗೆ ಅಳು ಬರುವಂತಿತ್ತು, ಆದರೆ ಅದು ದುಃಖದ್ದಲ್ಲ. ಮಾಡದ ತಪ್ಪಿಗೆ ಎಲ್ಲರ ಎದುರು ಸಣ್ಣವಳಾಗಬೇಕಾದದ್ದರ ಸಿಟ್ಟು. ಬಳಿಕ ಸಿಡಿಯ ಕವರಿನ ಮೇಲಿದ್ದ ನಂಬರಿಗೆ ತಾನೇ ಫೋನ್ ಮಾಡಿದಳು.

ಆ ಕಡೆ ಸಿಕ್ಕಿದ್ದು ತೇಜಸ್ವಿ ಎಂಬ ಡ್ರಾಫ್ಟ್ಸ್‌ಮನ್. ಹೆಸರು ಕೇಳಿ ಅವಳು ಕನ್ನಡಕ್ಕೆ ತಿರುಗಿದಳು. ಮೈಸೂರಿನವನಂತೆ, ದನಿ ಮೃದುವಾಗಿತ್ತು.

"ಅಯ್ಯೋ, ಆ ಫೈಲಾ ಮೇಡಂ? ಅದು ಹಂಗೇ ಬರೋದು. ನಾವು ಹೊರಗಡೆ ಯಾರಿಗೆ ಕೊಟ್ರೂ ಎಲ್ಲಾ ಲೇಯರ್ ಒಟ್ಟು ಮಾಡಿ, ಒಡೆದು ಪುಡಿ ಮಾಡೇ ಕೊಡ್ತೀವಿ."

"ಪುಡಿ ಮಾಡಿ ಅಂದ್ರೆ? ಬೇಕಂತ್ಲೇ?"

"ಹೂಂ ಮೇಡಂ. ನಮ್ಮ ಡ್ರಾಯಿಂಗನ್ನ ಬೇರೆಯವ್ರು ಎತ್ಕೊಂಡು ಬಳಸ್ಬಾರ್ದು ಅಂತ. ನಮ್ಮ ಸರ್ ರೂಲ್ ಅದು."

ಒಂದು ವಾರ ಅವಳು ಕಂಪ್ಯೂಟರನ್ನು ಬೈದಿದ್ದಳು, ಸಾಫ್ಟ್‌ವೇರನ್ನು ಬೈದಿದ್ದಳು, ತನ್ನನ್ನೇ ಬೈದುಕೊಂಡಿದ್ದಳು. ಈಗ ನೋಡಿದರೆ ಯಾರೋ ಒಬ್ಬ ಮನುಷ್ಯ ಎಸಿ ಕೋಣೆಯಲ್ಲಿ ಕೂತು, ಬೇಕೆಂದೇ, ಮುಂದಿನವರ ಕೈ ಕಟ್ಟಿಹಾಕಿದ್ದ.

"ಕ್ಯಾಂಪಿನ ಕಕ್ಕಸಿನ ಡ್ರಾಯಿಂಗನ್ನು ಯಾರ್ರೀ ಕದೀತಾರೆ?" ಎಂದು ಕಿರುಚಿದಳು. "ಒಂದು ಕ್ಲೀನ್ ಕಾಪಿ ಕಳ್ಸಿ ನನಗೆ."

"ಕಳ್ಸಿದ್ರೆ ನನ್ ಕೆಲ್ಸ ಹೋಗತ್ತೆ ಮೇಡಂ. ದಯವಿಟ್ಟು ಬೇಜಾರ್ ಮಾಡ್ಕೋಬೇಡಿ," ಎಂದು ಅವನು ಫೋನಿಟ್ಟ.

ಅವಳು ಬೇರೆ ದಾರಿ ಹಿಡಿದಳು. ಇಡೀ ನಕ್ಷೆಯನ್ನು ಒಂದು ಫೋಟೋದಂತೆ ಮಾಡಿ ಕೆಳಗಿಟ್ಟು, ಅಲುಗದಂತೆ ಲಾಕ್ ಮಾಡಿ, ಅದರ ಮೇಲೆ ಹೊಸದಾಗಿ ತಾನೇ ಗೋಡೆ ಎಳೆಯತೊಡಗಿದಳು. ಎರಡು ಗೆರೆ, ಒಂದು ಗೋಡೆ. ಈಗ ಕಂಪ್ಯೂಟರ್ ಹೇಳಿದ ಮಾತು ಕೇಳಿತು. ಕೆಲಸ ಓಡಿತು. ಆದರೆ ಪ್ರತಿಯೊಂದು ಗೋಡೆಯನ್ನೂ ಕೈಯಾರೆ ಎಳೆಯುವಾಗ ಪ್ರತಿಯೊಂದನ್ನೂ ಕಣ್ಣಿಟ್ಟು ನೋಡಲೇಬೇಕಾಗುತ್ತದೆ. ಹಾಗೆ ನೋಡುವಾಗ ಮೊದಲ ಬ್ಲಾಕಿನ ಪಶ್ಚಿಮದ ತುದಿಯಲ್ಲಿ ಅವಳ ಕೈ ನಿಂತಿತು.

ಅಲ್ಲಿ ಬಾಗಿಲಿತ್ತು. ಬಾಗಿಲಿನ ಮೇಲೆಯೇ ಗೋಡೆಯೂ ಇತ್ತು.

ಮತ್ತೆ ಮೂಲ ಫೈಲ್ ತೆರೆದು, ಕಾದು, ದೊಡ್ಡದು ಮಾಡಿ, ಮತ್ತೆ ಕಾದು ನೋಡಿದಳು. ಒಂದೇ ಕಟ್ಟಡವನ್ನು ಬೇರೆ ಬೇರೆ ಸಲ ಬರೆದು ಒಂದರ ಮೇಲೊಂದು ಹೇರಿದ್ದರು. ಹಳೆಯದನ್ನು ತೆಗೆದಿರಲಿಲ್ಲ. ಹಾಗಾಗಿಯೇ ಅಷ್ಟು ಭಾರ. ಒಂದರಲ್ಲಿ ಉದ್ದದ ಓಣಿಯ ಎರಡೂ ತುದಿಗೆ ಬಾಗಿಲು, ಇನ್ನೊಂದರಲ್ಲಿ ಪೂರ್ವಕ್ಕೆ ಮಾತ್ರ ಬಾಗಿಲು, ಪಶ್ಚಿಮಕ್ಕೆ ಬರೀ ಗೋಡೆ. ಉಳಿದ ಬ್ಲಾಕುಗಳಲ್ಲೂ ಹಾಗೆಯೇ. ಯಾವುದು ನಿಜ?

ತೇಜಸ್ವಿಗೆ ಮತ್ತೆ ಫೋನ್ ಮಾಡಿದಳು. ಅವನು ಹುಡುಕಿ ನೋಡಿ ಹೇಳಿದ, "ಅಪ್ರೂವಲ್‌ಗೆ ಹೋಗಿರೋದ್ರಲ್ಲಿ ಎರಡು ಬಾಗಿಲಿದೆ ಮೇಡಂ. ಅದನ್ನೇ ತಗೊಳ್ಳಿ."

"ಕಟ್ಟಿದ್ದು ಯಾವ್ದು?"

"ಸೈಟಿಗೆ ನಾನು ಹೋಗಿಲ್ಲ ಮೇಡಂ."

ರಾಬರ್ಟ್‌ಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ಪರದೆಯನ್ನು ನೋಡಿ, "ಅಪ್ರೂವ್ ಆದದ್ರಲ್ಲಿ ಎರಡು ಬಾಗಿಲು ಉಂಟಲ್ವಾ? ಮುಗೀತು. ಎರಡಕ್ಕೂ ಬಾಣ ಹಾಕು," ಎಂದರು.

"ಅಲ್ಲಿ ಗೋಡೆ ಇದ್ರೆ ಸರ್?"

"ಇದ್ರೆ ಅವ್ರು ನೋಡ್ಕೊಳ್ತಾರೆ. ನೀನು ಕಟ್ಟಡ ಕಟ್ಟುವವಳಾ? ಬೋರ್ಡ್ ಮಾಡುವವಳು. ಅಷ್ಟು ಮಾಡು, ಆಯ್ತಾ?"

ಅವಳು ಅಷ್ಟು ಮಾಡಿದಳು. ಹಲ್ಲು ಕಚ್ಚಿಕೊಂಡು ಮಾಡಿದಳು. ಮನೆಯಲ್ಲಿ ಲತೇಶ ಊಟಕ್ಕೆ ಕೂತಾಗ, "ಯಾರ ಮೇಲಿನ ಸಿಟ್ಟು ಇದು, ಸಾರಿಗೆ ಉಪ್ಪು ಇಷ್ಟು ಬಿದ್ದದ್ದು?" ಎಂದು ಕೇಳಿದ. ಅವಳು ಹೇಳಿದಳು. ಅವನು, "ಬಾಗಿಲು ಇರ್ಲಿಕ್ಕೂ ಸಾಕು. ಸುಮ್ನೆ ಯಾಕೆ ತಲೆ ಬಿಸಿ?" ಎಂದ. ಆ 'ಇರಲಿಕ್ಕೂ ಸಾಕು' ಎನ್ನುವ ಮಾತು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಅಲ್ಲಿ ಮಲಗುವ ಮನುಷ್ಯರಿಗೆ ಅಷ್ಟು ಸಾಕೇ?

ಫಲಕಗಳು ಅಚ್ಚಾದವು, ಬಾಣಗಳನ್ನು ಹಸಿರು ಸ್ಟಿಕರಿನಲ್ಲಿ ಕತ್ತರಿಸಿ ಮೇಲೆ ಅಂಟಿಸಿದರು. ಹೊರಡುವ ಹಿಂದಿನ ದಿನ ರಾಬರ್ಟ್ ಬಂದು, "ನಾಳೆ ನೀನೂ ಬರ್ಬೇಕು ದುಕ್ಮ್‌ಗೆ," ಎಂದರು. "ಲೇಟಾದದ್ದಕ್ಕೆ ಅಲ್ಲಿಯ ಎಂಜಿನಿಯರ್ ಉರೀತಾ ಇದ್ದಾನೆ. ಡಿಸೈನರ್ ಯಾರು, ಕರ್ಕೊಂಡು ಬನ್ನಿ ಅಂದಿದ್ದಾನೆ. ಒಂದು 'ಸಾರಿ' ಹೇಳು, ಖಲಾಸ್."

"ಸಾರಿ? ನಾನು?"

"ಒಂದು ಶಬ್ದ ಮಾರಾಯ್ತಿ. ಎಂತ ಹೋಗ್ತದೆ ನಿನ್ನದು?"

ಅವಳು ಬರುವುದಿಲ್ಲ ಎನ್ನಲು ಬಾಯಿ ತೆರೆದಳು. ಆಮೇಲೆ ಆ ಪಶ್ಚಿಮದ ತುದಿ ನೆನಪಾಗಿ, "ಬರ್ತೇನೆ," ಎಂದಳು.

ನಸುಕಿಗೇ ಹೊರಟ ವ್ಯಾನು ಆದಮ್ ದಾಟಿ, ಹೈಮಾದಲ್ಲಿ ಪರೋಟ ತಿನ್ನಲು ನಿಂತು, ಮತ್ತೆ ಓಡಿ ದುಕ್ಮ್ ಮುಟ್ಟುವಾಗ ಮಧ್ಯಾಹ್ನ ಜಾರಿತ್ತು. ದಾರಿಯುದ್ದಕ್ಕೂ ಒಂದೇ ಬಣ್ಣ. ರಾಬರ್ಟ್ ಮುಂದಿನ ಸೀಟಿನಲ್ಲಿ ನಿದ್ದೆ ಮಾಡಿದರು. ದಮಯಂತಿ ಹಿಂದೆ, ಫಲಕಗಳಿಗೆ ಗೀರು ಬೀಳದಂತೆ ಕೈಯೂರಿ ಹಿಡಿದುಕೊಂಡು ಕೂತಿದ್ದಳು.

ಕ್ಯಾಂಪಿನ ಗೇಟಿನಲ್ಲಿ ಅವರನ್ನು ಎದುರುಗೊಂಡವನು ಅಂಗಾರ. ಪುತ್ತೂರಿನ ಕಡೆಯವನು, ಕ್ಯಾಂಪಿನ ಮೇಲ್ವಿಚಾರಣೆ ಅವನದು. ನೀರಿನ ಟ್ಯಾಂಕರು, ಮೆಸ್ಸಿನ ಜಗಳ, ಕೆಟ್ಟ ಎಸಿ ಎಲ್ಲದಕ್ಕೂ ಅವನನ್ನೇ ಕರೆಯುತ್ತಿದ್ದರು. ತುಳು ಕೇಳಿ ಅವನ ಮುಖ ಅರಳಿತು. ಎಂಜಿನಿಯರ್ ಫಿಲಿಪ್ ಬಂದರಿನ ಕಡೆ ಹೋಗಿದ್ದಾರೆ, ಸ್ವಲ್ಪ ಹೊತ್ತಿನಲ್ಲೇ ಬರುತ್ತಾರೆ ಎಂದ. ರಾಬರ್ಟ್ ಆಫೀಸಿನ ಎಸಿ ಕೋಣೆಗೆ ಹೋದರು.

"ಅಂಗಾರಣ್ಣ, ನನಗೆ ಒಂದು ಬ್ಲಾಕ್ ಒಳಗೆ ತೋರಿಸ್ತೀರಾ?"

"ಬನ್ನಿ ಅಕ್ಕ. ಗಂಡಸರೆಲ್ಲ ಸೈಟಿಗೆ ಹೋಗಿದ್ದಾರೆ, ಈಗ ಖಾಲಿ."

ಅವಳು ಒಂದು ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಒಳಗೆ ಹೋದಳು. ಪೂರ್ವದ ಬಾಗಿಲ ಪಕ್ಕದಲ್ಲೇ ಕರೆಂಟಿನ ದೊಡ್ಡ ಪೆಟ್ಟಿಗೆ, ಅದರಿಂದ ಹೊರಟ ವಯರುಗಳ ಕಟ್ಟು. ಅಲ್ಲಿಂದ ಉದ್ದನೆಯ ಓಣಿ, ಎರಡೂ ಕಡೆ ಕೋಣೆಗಳು, ಕೋಣೆಯ ತುಂಬ ಮಹಡಿ ಮಂಚಗಳು. ಕಿಟಕಿಗಳಿಗೆ ಎಸಿ ಹಾಕಿ ಸುತ್ತಲೂ ಹಲಗೆ ಹೊಡೆದಿದ್ದರು. ಕೆಲವು ಕೋಣೆಗಳಲ್ಲಿ ಮಂಚದ ಕೆಳಗೆ ಅಡಗಿಸಿಟ್ಟ ಸ್ಟೌ ಕಾಣುತ್ತಿತ್ತು. ಅವಳು ತಾನು ಎಳೆದ ಬಾಣದ ಜಾಡು ಹಿಡಿದು ನಡೆದಳು. ಓಣಿ ಮುಂದೆ ಹೋದಂತೆ ಕತ್ತಲಾಯಿತು. ತುದಿಯಲ್ಲಿ ಅವಳ ಹಸಿರು ಬಾಣ ಹೊರಗೆ ಹೋಗುವ ಜಾಗದಲ್ಲಿ ಸುಣ್ಣ ಬಳಿದ ಗೋಡೆ ಇತ್ತು. ಮೊಳೆಗೆ ಒಂದು ಕನ್ನಡಿ ತೂಗುಹಾಕಿದ್ದರು. ಪಕ್ಕದಲ್ಲಿ ಹಗ್ಗದ ಮೇಲೆ ಒಣಗಿದ ಲುಂಗಿಗಳು.

ಅವಳು ಗೋಡೆಯ ಮೇಲೆ ಅಂಗೈ ಇಟ್ಟಳು.

"ಇಲ್ಲಿ ಬಾಗಿಲು ಇಲ್ವಾ?"

"ಬಾಗಿಲಾ? ಇಲ್ಲಕ್ಕ. ಯಾವಾಗ್ಲೂ ಇರ್ಲಿಲ್ಲ."

"ಬೇರೆ ಬ್ಲಾಕಿಗೆ?"

"ಯಾವುದಕ್ಕೂ ಇಲ್ಲ. ಬಾಗಿಲು ಇಟ್ರೆ ಈ ಕಡೆಯೂ ಒಬ್ಬ ವಾಚ್‌ಮನ್ ಬೇಕಾಗ್ತದೆ, ಬೇಡ ಅಂತ ಬಿಟ್ರಂತೆ ಕಟ್ಟುವಾಗ." ಅವನು ಅವಳ ಕೈಯಲ್ಲಿದ್ದ ಫಲಕವನ್ನು ನೋಡಿದ. ಕೆಂಪು ಚುಕ್ಕೆ, ಬಾಣ, ಓಡುತ್ತಿರುವ ಹಸಿರು ಮನುಷ್ಯ. ಅವನಿಗೆ ಅರ್ಥವಾಯಿತು. "ಅಕ್ಕ, ಇದ್ರಲ್ಲಿ..."

"ಹೌದು. ಇದ್ರಲ್ಲಿ ಉಂಟು."

ಹೊಗೆ ತುಂಬಿದಾಗ ಈ ಓಣಿ ಹೇಗಿರುತ್ತದೆಂದು ಅವಳು ಯೋಚಿಸಿದಳು. ಪೂರ್ವದ ಬಾಗಿಲಲ್ಲಿ ಬೆಂಕಿ. ಓದಲು ಬರುವವನೊಬ್ಬ ಫಲಕ ನೋಡಿ, "ಈ ಕಡೆ, ಈ ಕಡೆ" ಎಂದು ಕೂಗುತ್ತಾನೆ. ಉಳಿದವರು ಅವನನ್ನು ನಂಬಿ ಓಡಿ ಬರುತ್ತಾರೆ. ಎಲ್ಲರೂ ಬಂದು ಈ ಕನ್ನಡಿಯ ಎದುರು ನಿಲ್ಲುತ್ತಾರೆ. ಫಲಕವೇ ಇಲ್ಲದಿದ್ದರೆ ಇದಕ್ಕಿಂತ ವಾಸಿ. ಫಲಕ ಅವರನ್ನು ಕರೆದು ತಂದು ಕೊಲ್ಲುತ್ತದೆ. ಅದನ್ನು ಬರೆದದ್ದು ತನ್ನ ಕೈ.

ಅವಳು ಹೊರಗೆ ಬಂದು ವ್ಯಾನಿನ ಹಿಂಬಾಗಿಲು ತೆರೆದಳು. ಕೆಲಸದ ಡಬ್ಬಿಯಿಂದ ಬ್ಲೇಡು ತೆಗೆದು, ಫಲಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಪಶ್ಚಿಮದ ಹಸಿರು ಬಾಣದ ಅಂಚನ್ನು ಎಬ್ಬಿಸಿದಳು. ಬಿಸಿಲಿಗೆ ಮೆದುವಾಗಿದ್ದ ಸ್ಟಿಕರ್ ಸಿಪ್ಪೆಯಂತೆ ಎದ್ದುಬಂತು. ಕಿತ್ತು ನೆಲಕ್ಕೆಸೆದಳು. ಇನ್ನೊಂದು ಫಲಕ. ಅದರದ್ದೂ ಕಿತ್ತಳು. ಅಂಗಾರ ಒಂದೊಂದೇ ಫಲಕ ಎತ್ತಿ ಕೊಡತೊಡಗಿದ.

"ಏಯ್, ಏನು ನಡೀತಿದೆ ಇಲ್ಲಿ?"

ಫಿಲಿಪ್ ಜೀಪಿನಿಂದ ಇಳಿದಿದ್ದರು. ಕೇರಳದವರು, ಹಿಂದಿಯಲ್ಲಿ ಮಾತಾಡಿದರು. ದಮಯಂತಿಯೂ ಹಿಂದಿಯಲ್ಲೇ ಉತ್ತರಿಸಿದಳು.

"ಸುಳ್ಳು ಕೀಳ್ತಾ ಇದ್ದೇನೆ ಸರ್. ಬಾಗಿಲಿಲ್ಲದ ಕಡೆ ಬಾಣ ಯಾಕೆ?"

"ನಾಡಿದ್ದು ಇನ್‌ಸ್ಪೆಕ್ಷನ್ ಇದೆ! ಬೋರ್ಡ್ ಇಲ್ಲದೆ ಕ್ಯಾಂಪ್ ಪಾಸಾಗಲ್ಲ. ನೀನೇನಾ ಆ ಡಿಸೈನರ್? ಮೊದಲು ಲೇಟ್ ಮಾಡಿದ್ದು, ಈಗ ಹಾಳು ಮಾಡ್ತಿದ್ದೀಯಾ?"

"ಲೇಟಾದದ್ದು ನಿಮ್ಮ ಕನ್ಸಲ್ಟೆಂಟ್ ಹಳೇದು ಹೊಸದು ಎಲ್ಲ ಸೇರಿಸಿ ಪುಡಿ ಮಾಡಿ ಕೊಟ್ಟದ್ದಕ್ಕೆ. ಒಳಗೆ ಹೋಗಿ ನೋಡಿ ಸರ್. ನಿಮ್ಮ ಅಪ್ರೂವ್ಡ್ ಬಾಗಿಲಿನ ಮೇಲೆ ಕನ್ನಡಿ ತೂಗಾಡ್ತಾ ಉಂಟು!"

ಗಲಾಟೆ ಕೇಳಿ ರಾಬರ್ಟ್ ಓಡಿ ಬಂದರು. ನೆಲದ ಮೇಲೆ ಚೆಲ್ಲಿದ್ದ ಹಸಿರು ಬಾಣಗಳನ್ನು ನೋಡಿ ನಿಂತಲ್ಲೇ ಕೂಗಿದರು. "ದಮಯಂತಿ! ತಲೆ ಸರಿ ಉಂಟಾ ನಿನಗೆ?"

"ಉಂಟು ಸರ್. ಇಷ್ಟು ದಿನ ಇರ್ಲಿಲ್ಲ."

ಅಷ್ಟರಲ್ಲಿ ಸೈಟಿನಿಂದ ಕಂಪನಿಯ ಬಸ್ಸುಗಳು ಬಂದವು. ಮೈತುಂಬ ಸಿಮೆಂಟು ಧೂಳು ಹತ್ತಿದ ಗಂಡಸರು ಊಟದ ಡಬ್ಬಿ ಹಿಡಿದು ಇಳಿದು, ಸುತ್ತ ನಿಂತರು. ಏನು ವಿಷಯ ಎಂದು ಒಬ್ಬರನ್ನೊಬ್ಬರು ಕೇಳಿದರು. ಅಂಗಾರ ಹಿಂದಿಯಲ್ಲಿ ಎರಡೇ ಮಾತಲ್ಲಿ ಹೇಳಿದ. ಒಂದು ಫಲಕವನ್ನು ಯಾರೋ ಕೈಗೆತ್ತಿಕೊಂಡರು. ಅದು ಕೈಯಿಂದ ಕೈಗೆ ಹೋಗಿ ತೆಲಂಗಾಣದ ಒಬ್ಬ ಮೇಸ್ತ್ರಿಯ ಬಳಿ ನಿಂತಿತು. ಅವನು ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟು, ರಾಬರ್ಟ್ ಕಡೆ ತಿರುಗಿ, ಯಾವ ಸಿಟ್ಟೂ ಇಲ್ಲದೆ ಕೇಳಿದ.

"ಸಾಬ್, ನಾನು ಇಲ್ಲಿ ಮಲಗೋದು. ನಾನು ಯಾವ ಕಡೆ ಓಡ್ಬೇಕು?"

ರಾಬರ್ಟ್ ಫಲಕ ನೋಡಿದರು, ಮೇಸ್ತ್ರಿಯ ಮುಖ ನೋಡಿದರು. ಆಮೇಲೆ ಬಗ್ಗಿ ಫಲಕಗಳನ್ನು ಒಂದೊಂದಾಗಿ ವ್ಯಾನಿಗೆ ತುಂಬತೊಡಗಿದರು.

"ಫಿಲಿಪ್ ಸರ್, ಸಾರಿ," ಎಂದರು. "ನಮ್ಮ ಕಡೆಯಿಂದ ಪ್ರಿಂಟಿಂಗ್ ಮಿಸ್ಟೇಕ್ ಆಗಿದೆ. ಬೋರ್ಡ್ ರೆಡಿ ಇಲ್ಲ. ವಾಪಸ್ ತಗೊಂಡು ಹೋಗ್ತೇವೆ."

ದಮಯಂತಿ ದಂಗಾದಳು. "ಪ್ರಿಂಟಿಂಗ್ ಮಿಸ್ಟೇಕಾ? ಸರ್, ತಪ್ಪು ನಮ್ಮದಲ್ಲ!"

"ಬಾಯಿ ಮುಚ್ಚು ನೀನು," ಎಂದು ಅವರು ತುಳುವಿನಲ್ಲಿ ಗದರಿದರು. "ಬೋರ್ಡ್ ವಾಪಸ್ ಹೋಗ್ಬೇಕಲ್ವಾ ನಿನಗೆ? ಹೋಗ್ತಾ ಉಂಟು."

ಫಿಲಿಪ್ ಸ್ವಲ್ಪ ಹೊತ್ತು ಕೂಗಾಡಿದರು. ಅರಬಾಬ್‌ಗೆ ಫೋನ್ ಮಾಡುತ್ತೇನೆ, ಕಂಟ್ರಾಕ್ಟ್ ರದ್ದು ಮಾಡಿಸುತ್ತೇನೆ ಎಂದರು. ಆದರೆ ಫಲಕಗಳು ವ್ಯಾನಿನೊಳಗಿದ್ದವು, ರಾಬರ್ಟ್ ಬಾಗಿಲಿಗೆ ಅಡ್ಡ ನಿಂತಿದ್ದರು, ಸುತ್ತ ನಿಂತ ಜನ ಚದುರಿರಲಿಲ್ಲ. ಫಿಲಿಪ್ ಬ್ಲಾಕಿನೊಳಗೆ ಹೋಗಿ ಬಂದರು. ಹೊರಬಂದಾಗ ದನಿ ತಗ್ಗಿತ್ತು. ಅಂಗಾರನನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ಅಂಗಾರ ಮೇಸ್ತ್ರಿಯ ಕಡೆ ನೋಡಿದ.

"ಬರೀ ಹಾಲೋ ಬ್ಲಾಕ್, ಟೊಳ್ಳು ಕಲ್ಲಿನ ಗೋಡೆ, ಸಾಬ್," ಎಂದ ಮೇಸ್ತ್ರಿ. "ಒಡೆಯೋದು ಎಷ್ಟು ಹೊತ್ತು? ಚೌಕಟ್ಟು ಕೊಟ್ರೆ ನಾಳೆಗೆ ಎಲ್ಲ ಬ್ಲಾಕಿಗೂ ಕೂರಿಸ್ತೇವೆ."

ದಿನವಿಡೀ ಬಂದರಿನಲ್ಲಿ ದುಡಿದು ಬಂದವರು ಊಟದ ಡಬ್ಬಿ ಕೆಳಗಿಟ್ಟರು. ಯಾರೋ ಸುತ್ತಿಗೆ ತಂದರು, ಯಾರೋ ಕನ್ನಡಿ ಬಿಚ್ಚಿ ಜೋಪಾನವಾಗಿ ಮಂಚದ ಮೇಲಿಟ್ಟರು. ಮೊದಲ ಏಟಿಗೆ ಸುಣ್ಣ ಉದುರಿತು. ಇನ್ನಷ್ಟು ಪೆಟ್ಟುಗಳ ಬಳಿಕ ಒಂದು ಕಲ್ಲು ಹೊರಕ್ಕೆ ಬಿತ್ತು, ಆ ತೂತಿನಿಂದ ಸಂಜೆಯ ಬಿಸಿಲು ಓಣಿಯುದ್ದಕ್ಕೂ ನುಗ್ಗಿ ಪೂರ್ವದ ಬಾಗಿಲವರೆಗೆ ಹೋಯಿತು. ಒಳಗಿದ್ದವರು ಹೋ ಎಂದು ಕೂಗಿದರು. ದಮಯಂತಿ ಧೂಳಿಗೆ ಕೆಮ್ಮುತ್ತಾ ಅಲ್ಲೇ ನಿಂತಿದ್ದಳು. ಅವಳಿಗೆ ಸಂತೋಷವಾಯಿತು ಎನ್ನಲಾಗದು. ಇಷ್ಟು ಸುಲಭದ್ದನ್ನು ಇಷ್ಟು ದಿನ ಯಾರೂ ಮಾಡಲಿಲ್ಲವಲ್ಲ ಎಂದು ಸಿಟ್ಟು ಇನ್ನೂ ಏರಿತು.

ಮರಳುವಾಗ ವ್ಯಾನಿನಲ್ಲಿ ರಾಬರ್ಟ್ ಹೇಳಿದರು, "ನಾನು ಬಂದ ಹೊಸದರಲ್ಲಿ ಸೊಹಾರ್ ಕಡೆ ಇಂಥದ್ದೇ ಕ್ಯಾಂಪಿನಲ್ಲಿದ್ದೆ."

ಇನ್‌ಸ್ಪೆಕ್ಷನ್ ಒಂದು ವಾರ ಮುಂದಕ್ಕೆ ಹೋಯಿತು. ಹೊಸ ಬಾಣ ಅಂಟಿಸಿದ ಫಲಕಗಳು ಹೋದವು, ಕ್ಯಾಂಪು ಪಾಸಾಯಿತು. ಆಮೇಲೆ ಒಂದು ದಿನ ರಾಬರ್ಟ್ ಅವಳನ್ನು ಕ್ಯಾಬಿನ್ನಿಗೆ ಕರೆದು, ಚಾ ತರಿಸಿ, ಮೆಲ್ಲಗೆ ವಿಷಯ ತೆಗೆದರು. ತಡವಾದದ್ದಕ್ಕೆ ಕಾರಣ ಸೈನ್‌ಬೋರ್ಡ್ ಕಂಪನಿಯ ಡಿಸೈನರ್ ಮಾಡಿದ ತಪ್ಪು ಎಂದು ಕ್ಲೈಂಟ್ ಎಲ್ಲರಿಗೂ ಪತ್ರ ಬರೆದಿದ್ದರಂತೆ. ಕನ್ಸಲ್ಟೆಂಟ್ ಕಚೇರಿಯೂ ಹೌದೆಂದಿತಂತೆ.

"ನೀನು ಮನಸ್ಸಿಗೆ ಹಚ್ಕೊಳ್ಬೇಡ. ಬಾಗಿಲು ಆಯ್ತಲ್ವಾ? ನಮಗೆ ಅಷ್ಟೇ ಬೇಕಾದ್ದು."

"ನೀವು ಎಂತ ಹೇಳಿದ್ರಿ ಅವ್ರಿಗೆ?"

ರಾಬರ್ಟ್ ಚಾ ಕಪ್ಪನ್ನು ತಿರುಗಿಸಿದರು. "ಎಂತ ಹೇಳುದು? ಮುಂದಿನ ಎರಡು ಕ್ಯಾಂಪಿನ ಕೆಲಸ ಅವರ ಕೈಯಲ್ಲೇ ಉಂಟು."

"ಅಂದ್ರೆ ತಪ್ಪು ನನ್ನದು."

"ಹೆಸರು ಬರೆದಿಲ್ಲ ಮಾರಾಯ್ತಿ. ಡಿಸೈನರ್ ಅಂತ ಮಾತ್ರ ಉಂಟು."

"ನಿಮ್ಮಲ್ಲಿ ಎಷ್ಟು ಜನ ಡಿಸೈನರ್ ಇದ್ದಾರೆ ಸರ್?"

ಅವಳು ಚಾ ಮುಟ್ಟದೆ ಎದ್ದಳು. "ಅಲ್ಲಿ ಸಾವಿರ ಜನರ ಎದುರು ನೀವು ಸುಳ್ಳು ಹೇಳಿ ಬೋರ್ಡ್ ವಾಪಸ್ ತಂದ್ರಿ, ಆ ಹೊತ್ತಿಗೆ ಸರಿ ಅಂತ ಸುಮ್ಮನಾದೆ. ಈಗ ಎಸಿ ಕೋಣೆಯಲ್ಲಿ ಕೂತು, ಯಾರೂ ಎದುರಿಗಿಲ್ಲದಾಗ ನಿಜ ಹೇಳ್ಲಿಕ್ಕೆ ಎಂತ ಕಷ್ಟ? ಈ ತಿಂಗಳ ಕೊನೆಗೆ ನಾನು ಬಿಡ್ತೇನೆ."

"ಸಿಟ್ಟಿನಲ್ಲಿ ಹೇಳ್ಬೇಡ."

"ಸಿಟ್ಟಿನಲ್ಲೇ ಹೇಳುದು ಸರ್. ಸಿಟ್ಟು ಇಳಿದ ಮೇಲೆ ಹೇಳ್ಲಿಕ್ಕೆ ಧೈರ್ಯ ಇರುದಿಲ್ಲ."

ಲತೇಶ ಎರಡು ದಿನ ಮುಖ ಊದಿಸಿಕೊಂಡ. ಮೂರನೆಯ ದಿನ, ಮತ್ರಾದಲ್ಲಿ ಒಂದು ಹಳೆಯ ಗುಜರಾತಿ ಕುಟುಂಬದವರು ಪ್ರೆಸ್ ಇಟ್ಟಿದ್ದಾರೆ, ಮದುವೆ ಕಾಗದ, ಮಿಠಾಯಿ ಡಬ್ಬಿಯ ಕೆಲಸ, ಕೇಳಿ ನೋಡುತ್ತೇನೆ ಎಂದ. ಅವಳು ಹೋಗಿ ಸೇರಿದಳು. ಆಫೀಸು ಸಣ್ಣದು, ಸೂಕ್ ಎಂಬ ಹಳೆಯ ಪೇಟೆಯ ಇಕ್ಕಟ್ಟು ಓಣಿಯ ಮೇಲೆ. ರಾಬರ್ಟ್ ಒಮ್ಮೆ ಫೋನ್ ಮಾಡಿದರು. ಅವಳು ಎತ್ತಲಿಲ್ಲ. ಅವರ ಮೇಲಿನ ಸಿಟ್ಟು ಹಾಗೇ ಇತ್ತು, ಇರಲಿ ಎಂದು ಬಿಟ್ಟಳು.

ಚಳಿ ಶುರುವಾದ ಒಂದು ಶುಕ್ರವಾರ ಅವಳು ಬಂಗುಡೆ ತೊಳೆಯುತ್ತಿದ್ದಾಗ ಅಂಗಾರನ ಫೋನ್ ಬಂತು. ದುಕ್ಮ್‌ನಲ್ಲಿ ಹೊರಡುವ ಮುಂಚೆ ನಂಬರ್ ತೆಗೆದುಕೊಂಡಿದ್ದ. ಕ್ಷೇಮಸಮಾಚಾರ ಆಯಿತು.

"ಬಾಗಿಲು ಹೇಗುಂಟು ಅಂಗಾರಣ್ಣ?" ಎಂದು ಅವಳು ಕೇಳಿದಳು.

"ಆ ಬಾಗಿಲಿನ ದೆಸೆಯಿಂದ ನನಗೆ ಸಾಕಾಗಿ ಹೋಗಿದೆ ಅಕ್ಕ. ಮೆಸ್ಸಿಗೆ ಹೋಗ್ಲಿಕ್ಕೆ ಅದೇ ಹತ್ತಿರ ಅಂತ ಈಗ ಎಲ್ಲ ಅದರಲ್ಲೇ ಓಡಾಡುದು. ಒಬ್ಬನಾದ್ರೂ ಹಿಂದೆ ಮುಚ್ಚಿ ಹೋಗುದಿಲ್ಲ. ಗಾಳಿಗೆ ಮರಳೆಲ್ಲ ಒಳಗೆ. ತುದಿಯ ಕೋಣೆಯವ್ರ ಅನ್ನದ ತಟ್ಟೆಯಲ್ಲಿ ಮರಳು. ನನಗೆ ಬೈಯುದು ಅವ್ರು, ಯಾರು ಮಾರಾಯ ಈ ಬಾಗಿಲು ಮಾಡ್ಸಿದ್ದು ಅಂತ."

"ನೀವು ಎಂತ ಹೇಳಿದ್ರಿ?"

"ರೂವಿಯಿಂದ ಒಬ್ರು ಅಕ್ಕ ಬಂದಿದ್ರು ಅಂತ ಹೇಳಿದೆ."

ದಮಯಂತಿ ಮೀನಿನ ಕೈಯಲ್ಲೇ ನಕ್ಕಳು. "ಬೈಲಿ ಬಿಡಿ," ಎಂದಳು. "ಆ ಬೈಗಳು ನನ್ನ ಲೆಕ್ಕಕ್ಕೇ ಇರ್ಲಿ."